ಬಲೆಯೋ, ಚೀಲವೋ, ದೋಟಿಯೋ: ಬೇಸಿಗೆಯ ಹಿತ್ತಿಲಿನಲ್ಲಿ ಮೂರು ವರ್ಷ ಮಾಡಿ ನೋಡಿದ್ದು

ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪ, ಮುರಕಲ್ಲಿನ ಪಾಗಾರದೊಳಗೆ, ನಮ್ಮ ಮನೆಯ ಹಿಂದೆ ಸುಮಾರು 25 ಸೆಂಟ್ಸ್ ಹಿತ್ತಿಲಿದೆ. ಒಂದು ಮುಂಡಪ್ಪ ಮಾವಿನ ಮರ, ಒಂದು ಚಿಕ್ಕು, ಮೂಲೆಯಲ್ಲಿ ಒಂದು ನೇರಳೆ, ಬಾವಿಕಟ್ಟೆಯ ಬದಿಗೆ ಬಸಳೆಯ ಚಪ್ಪರ, ಅದರಾಚೆ ಚಳಿ ಮುಗಿಯುವ ಹೊತ್ತಿಗೆ ಬೀಜ ಹಾಕಿದ ಹೀರೆ, ಹಾಗಲ, ಪಡುವಲ, ಅಲಸಂಡೆ ಮತ್ತು ಸೌತೆಯ ಸಾಲುಗಳು. ತುಳುವರ ಹೊಸವರ್ಷವಾದ ಬಿಸುವಿನ ಕಣಿಗೆ ಇಡುವ ಸೌತೆಕಾಯಿಯಿಂದ ಹಿಡಿದು ಪತ್ತನಾಜೆಯ ಹೊತ್ತಿನ ಕೊನೆಯ ಮಾವಿನ ತನಕ, ಅಂದರೆ ಏಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯ ವಾರದವರೆಗೆ, ನಮ್ಮ ಫಸಲಿನ ಬಹುಪಾಲು ಕೈಗೆ ಬರುತ್ತದೆ. ಸುತ್ತಲಿನ ಗುಡ್ಡೆಗಳು ಒಣಗಿ ನೀರು ಮೇವಿಗೆ ತತ್ವಾರವಾಗುವುದೂ ಇದೇ ಹೊತ್ತಿನಲ್ಲಿ. ಹಾಗಾಗಿ ನಾವು ನೀರು ಹಾಕಿ ಬೆಳೆಸಿದ್ದಕ್ಕೆ ನವಿಲು, ಅಳಿಲು, ಗಿಳಿ, ಬಾವಲಿ, ಮಂಗ, ಕೊನೆಗೆ ಕಣ್ಣಿಗೆ ಸರಿಯಾಗಿ ಕಾಣದ ಹಣ್ಣುನೊಣ, ಎಲ್ಲರೂ ಪಾಲು ಕೇಳಿಕೊಂಡು ಬರುತ್ತಾರೆ.

ಕಳೆದ ಮೂರು ಬೇಸಿಗೆಗಳಲ್ಲಿ ನಾವು ಮೂರು ಉಪಾಯಗಳನ್ನು ಮಾಡಿ ನೋಡಿದೆವು: ಬಲೆ ಹಾಸುವುದು, ಕಾಯಿಗೆ ಚೀಲ ಕಟ್ಟುವುದು, ಬಲಿತ ಕೂಡಲೇ ದೋಟಿಯಿಂದ, ಅಂದರೆ ಕಾಯಿ ಕೊಯ್ಯುವ ಉದ್ದನೆಯ ಕೋಲಿನಿಂದ, ಕೊಯ್ದು ಒಳಗೆ ಹಣ್ಣು ಮಾಡುವುದು. ಅಡುಗೆಮನೆಗೆ ಎಷ್ಟು ಬಂತು ಎಂಬುದರ ಜೊತೆಗೆ, ಅದಕ್ಕೆ ನಮ್ಮ ಎಷ್ಟು ಹೊತ್ತು ಹೋಯಿತು, ಯಾವ ಪ್ರಾಣಿಗೆ ಏನಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಮೊದಲನೆಯ ವರ್ಷ ಬಲೆ. ಮಲ್ಪೆಯಲ್ಲಿ ದೋಣಿಯ ಕೆಲಸದಲ್ಲಿರುವ ಪರಿಚಯದವರೊಬ್ಬರಿಂದ ಹಳೆಯ ಮೀನುಬಲೆ ತರಿಸಿ, ಅಲಸಂಡೆಯ ಸಾಲಿಗೂ ಸೌತೆಯ ಮಡಿಗೂ ಹೊದಿಸಿದೆವು. ಹಣದ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕೆಲಸವೂ ಒಂದು ಬೆಳಗ್ಗೆಯದು. ನವಿಲಿನ ಮಟ್ಟಿಗೆ ಇದರಷ್ಟು ಖಚಿತವಾದ ತಡೆ ಬೇರೊಂದಿಲ್ಲ ಎಂದು ಈಗಲೂ ಹೇಳುತ್ತೇನೆ. ನವಿಲು ಎಳೆಯ ಸಸಿಯ ತುದಿ ಕುಕ್ಕುವುದಷ್ಟೇ ಅಲ್ಲ, ಹದ ಮಾಡಿದ ಮಡಿಯ ಪುಡಿಮಣ್ಣು ಕಂಡರೆ ಅದರಲ್ಲಿ ಮೈ ಹರಡಿ ಮಲಗಿ, ರೆಕ್ಕೆ ಬಡಿಯುತ್ತಾ ಮಣ್ಣಿನ ಸ್ನಾನವನ್ನೇ ಮಾಡುತ್ತದೆ. ಎದ್ದು ಹೋದ ಮೇಲೆ ಅಲ್ಲಿ ಅಗಲವಾದ ಒಂದು ಗುಂಡಿ ಉಳಿಯುತ್ತದೆಯೇ ಹೊರತು ಬೀಜ ಉಳಿಯುವುದಿಲ್ಲ. ರಾಷ್ಟ್ರಪಕ್ಷಿಯಾದ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪೂರ್ಣ ರಕ್ಷಣೆ ಇರುವುದರಿಂದ, ಬೆಳೆದವರಿಗೆ ತಡೆಯುವ ದಾರಿಯೊಂದೇ ಉಳಿದಿರುವುದು.

ಆದರೆ ಬಲೆ ಹಾಕಿದ ಮೂರನೆಯ ವಾರ ನಡೆದದ್ದು ನಮ್ಮ ಎಣಿಕೆಯಲ್ಲಿ ಇರಲಿಲ್ಲ. ಬೆಳಗ್ಗೆ ನೀರು ಹಾಕಲು ಹೋದಾಗ ಸೌತೆಯ ಮಡಿಯ ಬುಡದಲ್ಲಿ ಆಳುದ್ದದ ಕೇರೆ ಹಾವೊಂದು ಬಲೆಯ ನಾಲ್ಕಾರು ಕಣ್ಣುಗಳಲ್ಲಿ ಒಮ್ಮೆಗೇ ಸಿಕ್ಕಿಕೊಂಡು ಬಿದ್ದಿತ್ತು. ಹಾವಿನ ಹುರುಪೆಗಳು ಬಾಲದ ಕಡೆಗೆ ಬಾಗಿರುವುದರಿಂದ ತಲೆ ತೂರಿದ ಕಣ್ಣಿನೊಳಗೆ ಅದು ಮುಂದಕ್ಕೆ ಹೋಗಬಲ್ಲದು, ಹಿಂದಕ್ಕೆ ಬರಲಾರದು. ಮುಂದೆ ಹೋದಷ್ಟೂ ಮೈ ದಪ್ಪವಾಗಿ ಎಳೆ ಬಿಗಿಯುತ್ತದೆ. ನೈಲಾನಿನ ಎಳೆ ಹುರುಪೆಯ ಅಡಿಗೆ ಇಳಿದು ಕೆಂಪಗೆ ಗೆರೆ ಮೂಡಿಸಿತ್ತು. ಅಮ್ಮ ದೂರದಲ್ಲಿ ನಿಂತು, “ಎಂಥದು ಮಾರಾಯ, ನವಿಲಿಗೆ ಅಂತ ಹಾಕಿದ್ದು ಹಾವಿಗೆ ಉರುಳಾಯಿತಲ್ಲ” ಎಂದರು. ಹಾವು ಹಿಡಿದು ಬಿಡುವ ಊರಿನವರೊಬ್ಬರು ಬಂದು, ಒದ್ದೆ ಗೋಣಿಚೀಲವನ್ನು ಅದರ ತಲೆಯ ಮೇಲೆ ಹೊದಿಸಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆಯನ್ನು ತುಂಡರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಟ್ಟ ಮೇಲೆ ಅದು ಪಾಗಾರದ ಸಂದಿಗೆ ಹೋದದ್ದನ್ನು ನೋಡಿದೆವು. ಆಮೇಲೆ ಆ ವರ್ಷ ಕಾಣಿಸಲಿಲ್ಲ. ತೆಂಗಿನ ಬುಡದಲ್ಲಿ ಬಿಲ ತೋಡುವ ಹೆಗ್ಗಣಗಳ ಕಾಟ ಆ ಮೇ ತಿಂಗಳಲ್ಲಿ ಹೆಚ್ಚಾದಂತೆ ನಮಗೆ ಅನ್ನಿಸಿತು. ಹಾವು ಹೋದದ್ದೇ ಕಾರಣ ಎಂದು ಸಾಧಿಸಲು ನನ್ನಲ್ಲಿ ಪುರಾವೆ ಇಲ್ಲದಿದ್ದರೂ, ಇಲಿ ಹೆಗ್ಗಣ ತಿನ್ನುವ ವಿಷವಿಲ್ಲದ ಹಾವನ್ನು ನಾವಾಗಿ ಕಳೆದುಕೊಂಡೆವೆಂಬ ಕಸಿವಿಸಿ ಉಳಿಯಿತು.

ಮರುವರ್ಷ ಬಲೆಯನ್ನು ಪೂರ್ತಿ ಬಿಡಲಿಲ್ಲ, ಬದಲಿಸಿದೆವು. ಸಣ್ಣ ಕಣ್ಣಿನ, ದಪ್ಪ ಎಳೆಯ ಹೆಣೆದ ಬಲೆಯನ್ನು ಬಿದಿರಿನ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ನೆಲಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಮಡಿಯ ಮೇಲೆ ನಿಲ್ಲಿಸಿದೆವು. ಸಸಿ ಮೊಣಕಾಲೆತ್ತರ ಬಂದ ಕೂಡಲೇ ತೆಗೆದೆವು. ಸಡಿಲವಾಗಿ ಜೋತುಬಿದ್ದ ಬಲೆಯೇ ಅಪಾಯಕಾರಿ. ಆದರೆ ಮಾವಿನ ಮರಕ್ಕೆ ಇದನ್ನು ಹೊದಿಸುವ ಮಾತೇ ಇಲ್ಲ, ಹಣ್ಣುನೊಣಕ್ಕಂತೂ ಇಂಥ ಬಲೆ ಅಡ್ಡಿಯೇ ಅಲ್ಲ.

ಹಣ್ಣುನೊಣದ ವಿಷಯದಲ್ಲಿ ಚೀಲ ಗೆದ್ದಿತು, ಅದೂ ದೊಡ್ಡ ಅಂತರದಿಂದ. ಹೀರೆ, ಹಾಗಲಗಳನ್ನು ಬೆಳೆದವರಿಗೆ ಈ ನೊಣದ ಕೆಲಸ ಗೊತ್ತಿರುತ್ತದೆ: ಹೆಣ್ಣುನೊಣ ಎಳೆಗಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ಚುಚ್ಚಿದ ಜಾಗದಲ್ಲಿ ಅಂಟಿನ ಒಂದು ಹನಿ ಒಸರಿ ಜೇನಿನ ಬಣ್ಣಕ್ಕೆ ಗಟ್ಟಿಯಾಗುತ್ತದೆ, ಕಾಯಿ ಅಲ್ಲಿಂದಲೇ ಸೊಟ್ಟಗಾಗಿ ಕೊಳೆಯುತ್ತದೆ. ಅಂಗಡಿಯಲ್ಲಿ ಸಿಗುವ ವಾಸನೆಯ ಮೋಹಕ ಬಲೆಗಳನ್ನೂ ತೂಗುಹಾಕಿದ್ದೆವು. ತರಕಾರಿಯ ನೊಣಕ್ಕೆ ಕ್ಯೂಲೂರ್, ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್. ಡಬ್ಬಿಯಲ್ಲಿ ನೊಣಗಳು ರಾಶಿ ಬಿದ್ದದ್ದನ್ನು ನೋಡಿ ಮೊದಲಿಗೆ ಹಿಗ್ಗಿದೆವು, ಆದರೆ ಈ ಎರಡು ವಾಸನೆಗೂ ಮರುಳಾಗುವುದು ಗಂಡುನೊಣಗಳು ಮಾತ್ರ. ಊರಿನ ಎಲ್ಲ ಹಿತ್ತಿಲುಗಳಲ್ಲಿ ಒಟ್ಟಿಗೆ ಕಟ್ಟಿದರೆ ಸಂತತಿ ಕುಗ್ಗಬಹುದು. ಒಂದೇ ಮನೆಯವರು ಕಟ್ಟಿದರೆ ಪಕ್ಕದ ಹಿತ್ತಿಲಿನಿಂದ ಬರುವ ಹೆಣ್ಣುನೊಣ ತನ್ನ ಕೆಲಸ ಮುಗಿಸಿಯೇ ಹೋಗುತ್ತದೆ.

ಚೀಲಕ್ಕೆ ನಾವು ಬಳಸಿದ್ದು ಎರಡು ಬಗೆ: ಹಾಗಲ, ಹೀರೆಗೆ ಹಳೆಯ ದಿನಪತ್ರಿಕೆಯನ್ನು ಸುತ್ತಿ ಮಾಡಿದ ಕೊಳವೆ, ಮಾವಿಗೆ ಅಮ್ಮ ಹಳೆಯ ಪಂಚೆಯಿಂದ ಹೊಲಿದ ಬಟ್ಟೆಚೀಲ. ತರಕಾರಿಗೆ ಕಟ್ಟುವಾಗ ಸಮಯವೇ ಮುಖ್ಯ. ಹೂ ಅರಳುವ ಮೊದಲೇ ಕಟ್ಟಿದರೆ ಜೇನ್ನೊಣ ಮುಟ್ಟದೆ ಕಾಯಿಯೇ ಕಚ್ಚುವುದಿಲ್ಲ. ಹೂ ಬಾಡಿ ಎರಡು ದಿನ ಬಿಟ್ಟರೆ ಆಗಲೇ ನೊಣ ಚುಚ್ಚಿರುತ್ತದೆ. ಹೂ ಮುದುಡಿದ ದಿನ ಸಂಜೆಯೇ ಕಟ್ಟಿದ 20 ಹಾಗಲಕಾಯಿಗಳಲ್ಲಿ ನಮಗೆ 17 ಚೆನ್ನಾಗಿ ಸಿಕ್ಕವು. ಕಟ್ಟದೆ ಬಿಟ್ಟ 20ರಲ್ಲಿ ಐದು. ಕಾಗದದ ದೋಷವೆಂದರೆ ಏಪ್ರಿಲ್ ಕೊನೆಯ ಗುಡುಗುಮಳೆ: ಒಂದೇ ಸಂಜೆಯಲ್ಲಿ ಅರ್ಧಕ್ಕರ್ಧ ಕೊಳವೆಗಳು ಕರಗಿ ಕಾಯಿಗೆ ಮೆತ್ತಿಕೊಂಡವು. ಬಟ್ಟೆಯ ದೋಷ ಬೇರೆ. ಅದರ ನೆರಳಿನಲ್ಲಿ ಹಿಟ್ಟುತಿಗಣೆ ಸುಖವಾಗಿ ಸಂಸಾರ ಹೂಡುತ್ತದೆ, ವಾರಕ್ಕೊಮ್ಮೆ ಬಿಚ್ಚಿ ನೋಡಲೇಬೇಕು. ಎತ್ತರದ ಮಾವಿನ ಕೊಂಬೆಗೆ ಏಣಿ ಹಾಕಿ ಚೀಲ ಕಟ್ಟಲು ಒಂದು ಭಾನುವಾರ ಪೂರ್ತಿ ಹೋಯಿತು, ಕಟ್ಟಲಾದದ್ದು 60 ಕಾಯಿಗೆ. ಅಳಿಲು ಮೂರೇ ದಿನಗಳಲ್ಲಿ ಬಟ್ಟೆ ಕಡಿಯಲು ಕಲಿತಿತು.

ಆದ್ದರಿಂದ ಮಾವಿನ ಮಟ್ಟಿಗೆ ನನ್ನ ಒಲವು ದೋಟಿಯ ಕಡೆಗೆ. ಮಾವು ಕೊಯ್ದ ಮೇಲೂ ಹಣ್ಣಾಗುವ ಜಾತಿಯದು. ಮರದಲ್ಲೇ ಹಣ್ಣಾಗಲಿ ಎಂದು ಕಾಯುವುದು ಬಾವಲಿಗೆ ಔತಣ ಕೊಟ್ಟ ಹಾಗೆ. ತೊಟ್ಟಿನ ಬಳಿ ಹೆಗಲು ತುಂಬಿ, ಸಿಪ್ಪೆಯ ಕಡುಹಸಿರು ಮಾಸಿ, ಮರದಿಂದ ಮೊದಲ ಒಂದೆರಡು ಹಣ್ಣು ತಾವಾಗಿ ಉದುರಿದ ದಿನದಿಂದ ನಾವು ಕೊಯ್ಯಲು ತೊಡಗುತ್ತೇವೆ. ದೋಟಿಯ ತುದಿಗೆ ಚೀಲಬಲೆ ಇರಬೇಕು, ತೊಟ್ಟು ಒಂದು ಬೆರಳಿನಷ್ಟಾದರೂ ಉಳಿಯಬೇಕು, ಇಲ್ಲವಾದರೆ ಸೊನೆ ಹರಿದು ಸಿಪ್ಪೆ ಸುಡುತ್ತದೆ. ಅಟ್ಟದಲ್ಲಿ ಬೈಹುಲ್ಲಿನ ನಡುವೆ ಇಟ್ಟರೆ ವಾರದೊಳಗೆ ಮನೆಯೆಲ್ಲ ಪರಿಮಳ. ಮರದಲ್ಲೇ ಮಾಗಿದ ಹಣ್ಣಿನ ರುಚಿ ಇದಕ್ಕೆ ಬಾರದು ಎಂಬ ಅಪ್ಪನ ಆಕ್ಷೇಪ ಸುಳ್ಳಲ್ಲ, ಆದರೆ ಆ ರುಚಿಯನ್ನು ನಾವು ಸವಿದದ್ದು ವರ್ಷಕ್ಕೆ ನಾಲ್ಕೋ ಐದೋ ಹಣ್ಣಿನಲ್ಲಿ. ಮೊದಲು ಬಾವಲಿ ಕಚ್ಚಿದ ಹಣ್ಣಿನ ಆ ಭಾಗವನ್ನು ಕೊಯ್ದು ತೆಗೆದು ಉಳಿದದ್ದನ್ನು ತಿನ್ನುವುದಿತ್ತು. 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಾವಲಿಗಳಿಂದ ಹರಡುವ ನಿಪಾ ಸೋಂಕು ಕಾಣಿಸಿಕೊಂಡ ಮೇಲೆ ಅಂಥ ಹಣ್ಣನ್ನು ಮುಟ್ಟದೆ ಮಣ್ಣಿನಡಿ ಹಾಕುತ್ತೇವೆ. ಚಿಕ್ಕುವಿಗೂ ಇದೇ ಉಪಾಯ ಒಪ್ಪುತ್ತದೆ. ನೇರಳೆಗೆ ಒಪ್ಪುವುದಿಲ್ಲ, ಕೊಯ್ದ ಮೇಲೆ ಅದು ಸಿಹಿಯಾಗುವುದಿಲ್ಲ. ಅದು ಪಿಕಳಾರ ಹಕ್ಕಿಗಳ ಪಾಲು ಎಂದು ನಾವು ಬಹಳ ಹಿಂದೆಯೇ ಒಪ್ಪಿಕೊಂಡಿದ್ದೇವೆ. ದೋಟಿಯ ಒಂದೇ ಕೊರತೆಯೆಂದರೆ ಹಣ್ಣುನೊಣ: ಕೊಯ್ಯುವ ಮೊದಲೇ ಚುಚ್ಚಿದ ಕಾಯಿ ಬೈಹುಲ್ಲಿನಲ್ಲಿ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ.

ಮಂಗಗಳ ವಿಚಾರದಲ್ಲಿ ಮೂರೂ ಸೋತವು. ಬಲೆಯನ್ನು ಎತ್ತಿ ಒಳಗೆ ನುಗ್ಗಿದವು, ಚೀಲ ಬಿಚ್ಚಿ ನೋಡಿ ಎಳೆಗಾಯಿಯನ್ನು ಕಚ್ಚಿ ಎಸೆದವು, ಗರ್ನಾಲಿನ ಸದ್ದಿಗೆ ಎರಡು ದಿನ ಮಾತ್ರ ಹೆದರಿದವು. ಮನೆಯ ನಾಯಿ ಅಂಗಳದಲ್ಲಿ ಇದ್ದ ದಿನ ಬರಲಿಲ್ಲ, ಅಷ್ಟೇ.

ಈ ವರ್ಷ ಮೀನುಬಲೆಯನ್ನು ಮಡಚಿ ಹಟ್ಟಿಯ ಅಟ್ಟಕ್ಕೆ ಹಾಕಿದ್ದೇವೆ. ಸಸಿಮಡಿಗೆ ಬಿದಿರಿನ ಚೌಕಟ್ಟು, ಹಾಗಲ ಹೀರೆಗೆ ಚೀಲ, ಮಾವು ಚಿಕ್ಕುಗಳಿಗೆ ದೋಟಿ; ಮಾವಿನಲ್ಲಿ ಕೈಗೆಟಕುವ ಕೊಂಬೆಯ ಒಂದಿಪ್ಪತ್ತು ಕಾಯಿಗೆ ಮಾತ್ರ ಬಟ್ಟೆಚೀಲ, ಅದು ಅಪ್ಪನ ಮರದ ಹಣ್ಣಿನ ಆಸೆಗೆ. ದೋಟಿ ಮುಟ್ಟದ ತುದಿಕೊಂಬೆಯಲ್ಲಿ ಉಳಿದ ಹಣ್ಣಿಗೆ ನಿನ್ನೆ ಸಂಜೆ ಮಂಗಟ್ಟೆ ಹಕ್ಕಿಯ ಜೋಡಿ ಬಂದಿತ್ತು.