ಜಿಮ್ನಿಗೆ ಮಾಡಿಸಿದ ಸ್ಕಿಡ್ ಪ್ಲೇಟ್: ಕಲ್ಲಿನ ಭಯ ಹೋಯಿತು, ಕಸದ ಕಾಟ ಬಂತು

ಗಾಡಿಯ ಹೊಟ್ಟೆಗೆ ಕಲ್ಲು ತಾಗದಂತೆ ಅಡಿಯಲ್ಲಿ ಬಿಗಿಯುವ ತಗಡು, ಅಂದರೆ ಸ್ಕಿಡ್ ಪ್ಲೇಟ್ ಮಾಡಿಸಲು ಹೊರಟವರು ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ: ತಗಡಿನ ಅಂಚನ್ನು ಮೇಲಕ್ಕೆ ಮಡಚಲು ಬಿಡಬೇಡಿ. ಮಡಚಲೇಬೇಕೆಂದು ವೆಲ್ಡರ್ ಹಠ ಹಿಡಿದರೆ, ಹಿಂಭಾಗದಲ್ಲಿ ಕೈ ತೂರುವಷ್ಟು ಸಂದುಗಳನ್ನಾದರೂ ಕತ್ತರಿಸಿ ಕೊಡುವಂತೆ ಕೇಳಿ.

ನನ್ನದು ಮೂಡಿಗೆರೆ ಕಡೆಯ ಕಾಫಿ ತೋಟ. ಮನೆಯಿಂದ ಮೇಲಿನ ತೋಟಕ್ಕೆ ಹೋಗುವ ಗಾಡಿದಾರಿಯ ಮಣ್ಣನ್ನು ಪ್ರತಿವರ್ಷ ಆಷಾಢದ ಮಳೆ ಕೊಚ್ಚಿಕೊಂಡು ಹೋಗುತ್ತದೆ, ಕಲ್ಲುಗಳು ತಲೆಯೆತ್ತಿ ಉಳಿಯುತ್ತವೆ. ನನ್ನ ಗಾಡಿ ಮಾರುತಿಯ ಫೋರ್-ವೀಲ್ ಜಿಮ್ನಿ. ಅದರ ಅಂಕಿಅಂಶಗಳು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅವನ್ನು ಬಿಡುತ್ತೇನೆ. ಇಲ್ಲಿ ಮುಖ್ಯವಾದದ್ದು ಎರಡೇ ಸಂಗತಿ. ನಮ್ಮಲ್ಲಿ ಸಿಗುವ ಐದು ಬಾಗಿಲಿನ ಗಾಡಿಯ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,590 ಮಿ.ಮೀ., ಎಂದರೆ ಮೂರು ಬಾಗಿಲಿನದಕ್ಕಿಂತ 340 ಮಿ.ಮೀ. ಹೆಚ್ಚು. ಜೊತೆಗೆ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಗಿಡ್ಡ ಶಾಫ್ಟ್ ಒಂದರ ಆಚೆ, ಗಾಡಿಯ ನಡುಹೊಟ್ಟೆಯಲ್ಲಿ ಪ್ರತ್ಯೇಕವಾಗಿ ತೂಗುತ್ತದೆ. ದಿಬ್ಬ ದಾಟುವಾಗ ಚಕ್ರಗಳ ನಡುವೆ ಕಲ್ಲು ಸಿಕ್ಕರೆ ಮೊದಲ ಪೆಟ್ಟು ಬೀಳುವುದು ಅದಕ್ಕೇ.

ಸಿದ್ಧ ಕಿಟ್‌ಗಳ ಬೆಲೆ ನೋಡಿ ಕೈ ಹಿಂದೆಗೆದೆ. ಆ ವರ್ಷದ ಮೆಣಸಿನ ಹಣದಲ್ಲಿ ಹಾಸನದ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಮೂರು ತುಂಡುಗಳಾಗಿ ಮಾಡಿಸಿದೆ. ಶಾಪಿನವರು ಅಲ್ಯುಮಿನಿಯಂ ಹಾಕೋಣ ಎಂದರು. ತೂಕದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ: 3 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 23.5 ಕಿಲೋ ತೂಗಿದರೆ, 5 ಮಿ.ಮೀ. ಅಲ್ಯುಮಿನಿಯಂ 13.5 ಕಿಲೋ ಮಾತ್ರ. ಆದರೆ ಮಳೆಗಾಲಕ್ಕೆ ಮುಂಚೆ ನನ್ನ ಗಾಡಿ ಓಡಾಡುವುದು ಗಿಡಗಳಿಗೆ ಸಿಂಪಡಿಸುವ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮುಗಳ ನಡುವೆ. ಮೈಲುತುತ್ತಿನ ತಾಮ್ರ ಅಲ್ಯುಮಿನಿಯಂ ಮೇಲೆ ಕೂತರೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಸುಣ್ಣವೂ ಅದಕ್ಕೆ ಆಗಿಬರುವುದಿಲ್ಲ. ಉಕ್ಕಿಗೂ ಮೈಲುತುತ್ತು ಹಿತವಲ್ಲ, ನಿಜ. ಆದರೆ ಉಕ್ಕಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಬಹುದು, ಸೀಳಿದರೆ ಊರಿನ ವೆಲ್ಡರ್ ತೇಪೆ ಹಾಕಬಲ್ಲ. ಅಲ್ಯುಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಹುಡುಕಿಕೊಂಡು ಪೇಟೆಗೆ ಹೋಗಬೇಕು.

ಕೆಲಸದ ರೀತಿಯನ್ನು ಮೆಚ್ಚಲೇಬೇಕು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹಿಡಿದು ನೋಡಿದರು. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿದಾಗ ಆಕ್ಸಲ್ ಕೆಳಗೆ ಜೋತುಬೀಳುವುದರಿಂದ ಅಲ್ಲಿ ತೆಗೆದ ಅಳತೆ ಮೋಸ ಮಾಡುತ್ತದೆ. ಅದಕ್ಕೇ ಚಕ್ರಗಳನ್ನು ನೆಲದ ಮೇಲಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಮೇಲೆತ್ತಿ, ಸ್ಪ್ರಿಂಗ್ ಕುಗ್ಗಿದಾಗ ಸ್ಟೀರಿಂಗ್ ರಾಡ್ ತಗಡಿಗೆ ತಾಗುತ್ತದೆಯೇ ಎಂದು ಪರೀಕ್ಷಿಸಿದರು. ಚಾಸಿಗೆ ಹೊಸ ತೂತು ಕೊರೆಯಲಿಲ್ಲ, ಬೆಸುಗೆ ಹಾಕಲಿಲ್ಲ. ಮೊದಲೇ ಇದ್ದ ತೂತುಗಳಿಗೇ ಬ್ರಾಕೆಟ್ ಕೂರಿಸಿದರು. ಎಂಜಿನ್ ಆಯಿಲ್ ಇಳಿಸುವ ಕಿಂಡಿ ಕೂದಲೆಳೆಯಷ್ಟೂ ಆಚೀಚೆಯಾಗಿಲ್ಲ. ಮುಂದೆ ಬಂಪರಿಗೆ ಅಡ್ಡವಾಗಿ ಕೂರಿಸುವ ಕಬ್ಬಿಣದ ಚೌಕಟ್ಟು, ಬುಲ್ ಬಾರ್ ಹಾಕಿಸಿಕೊಳ್ಳಿ ಎಂದು ಆಸೆ ತೋರಿಸಿದರು, ನಾನು ಒಪ್ಪಲಿಲ್ಲ. ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿದೆ.

ಇಷ್ಟು ತಲೆ ಓಡಿಸಿದವರು ಅಂಚನ್ನು ಮಾತ್ರ ಎರಡು ಬೆರಳು ಎತ್ತರಕ್ಕೆ ಮಡಚಿಟ್ಟಿದ್ದರು. ಪೆಟ್ಟು ತಡೆಯಬೇಕಾದ ತಗಡು ಹಾಗೆ ಹಪ್ಪಳದ ತಟ್ಟೆಯಾಯಿತು. ಜುಲೈನಲ್ಲಿ ಅದರೊಳಗೆ ಕೆಸರು ಸೇರಿತು. ಸೇರಿದ್ದು ಇಳಿಯಲು ದಾರಿಯಿಲ್ಲ, ಬಿಸಿಲು ಬಿದ್ದೊಡನೆ ಇಟ್ಟಿಗೆಯಂತೆ ಗಟ್ಟಿ. ಕಬ್ಬಿಣದ ಭಾರದ ಮೇಲೆ ತೋಟದ ಮಣ್ಣಿನ ಭಾರವನ್ನೂ ಹೊತ್ತು ತಿರುಗಿದೆ. ಅದನ್ನಾದರೂ ಸಹಿಸಬಹುದಿತ್ತು. ಹಣ್ಣು ಕೊಯ್ಲಿನ ಕಾಲಕ್ಕೆ ಸಿಲ್ವರ್ ಓಕ್ ಎಲೆ ಉದುರಿ ದಾರಿಯೆಲ್ಲ ಹಾಸಿಕೊಂಡಾಗ ತೊಂದರೆಯ ಜಾತಿಯೇ ಬದಲಾಯಿತು. ಒಣಗಿದ ಎಲೆಗಳು ತಗಡಿನ ಮೇಲೆ ಅಡಕವಾಗಿ ಸೇರಿಕೊಂಡು ಸೈಲೆನ್ಸರ್ ಪೈಪಿನವರೆಗೆ ರಾಶಿಯಾದವು. ಒಂದು ಸಂಜೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಎಲೆ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಎಲೆಗಳ ಅಂಚು ಕಪ್ಪಾಗಿತ್ತು. ನೂರಾರು ಡಿಗ್ರಿ ಬಿಸಿಯಾಗುವ ಎಕ್ಸಾಸ್ಟ್ ಪಕ್ಕದಲ್ಲಿ ಒಣ ಎಲೆಯ ಗೂಡು ಕಟ್ಟಿಕೊಟ್ಟಿದ್ದಕ್ಕೆ ನಾನೇ ದುಡ್ಡು ತೆತ್ತಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಮರುದಿನವೇ ಹಾಸನಕ್ಕೆ ಹೋಗಿ ಜಗಳ ತೆಗೆದೆ. "ಅಂಚು ಮಡಚದಿದ್ದರೆ ತಗಡು ಬಳುಕುತ್ತದೆ ಸಾರ್" ಎಂದರು. ಮಾತು ಸುಳ್ಳಲ್ಲ. ಆದರೆ ನಡುವೆ ಉದ್ದಕ್ಕೆ ಒಂದು ಏಣು ಮಡಚಿದ್ದರೂ ಆ ಬಿಗಿ ಬರುತ್ತಿತ್ತು. ಕೊನೆಗೆ ಗ್ಯಾಸ್ ಕಟರ್‌ನಿಂದ ಹಿಂದಿನ ಅಂಚನ್ನು ತೆಗೆದು, ಪಕ್ಕಗಳಲ್ಲಿ ಸಂದು ಬಿಟ್ಟರು. ಹಣ ಕೇಳಲಿಲ್ಲ, ಕೇಳಿದ್ದರೆ ಈ ವಿಮರ್ಶೆಯ ದನಿ ಬೇರೆಯೇ ಆಗಿರುತ್ತಿತ್ತು.

ಈಗ ಕೆಸರು ಮುಕ್ಕಾಲುಪಾಲು ತಾನಾಗಿ ಇಳಿಯುತ್ತದೆ. ಉಳಿದದ್ದಕ್ಕೆ ಭಾನುವಾರದ ಸೇವೆ ಇದೆ. ಬಲಗಡೆಯ ಚಕ್ರಗಳನ್ನು ಕಲ್ಲುಕಟ್ಟೆಗೆ ಹತ್ತಿಸಿ, ಗಾಡಿ ಜಾರದಂತೆ ದಿಮ್ಮಿ ಕೊಟ್ಟು, ಗೋಣಿಚೀಲ ಹಾಸಿ ಮಲಗಿ ನೀರು ಹಾಯಿಸುತ್ತೇನೆ. ತಲೆ ತಗಡಿನ ಮಟ್ಟಕ್ಕೆ ಹುದುಗಿ ಕೂರುವ ಕೌಂಟರ್‌ಸಂಕ್ ಬೋಲ್ಟುಗಳ ತಲೆಯ ಕುಳಿಯಲ್ಲಿ ಮಣ್ಣು ಕಚ್ಚಿಕೊಂಡರೆ ಆಲನ್ ಕೀ ಕೂರುವುದಿಲ್ಲ. ಅದನ್ನು ಕೆದಕಲು ಹಳೆಯ ಸೈಕಲ್ ಕಡ್ಡಿಯೊಂದನ್ನು ಚೂಪು ಮಾಡಿಟ್ಟಿದ್ದೇನೆ. ಆಮೇಲೆ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ನೋಡಿ, ಗೀರು ಬಿದ್ದಲ್ಲಿ ಬಣ್ಣ ಮುಟ್ಟಿಸುತ್ತೇನೆ. "ಈ ಸೇವೆಯನ್ನು ಗಿಡಗಳಿಗೆ ಮಾಡಿದ್ದರೆ ಇಳುವರಿ ಎಲ್ಲಿಗೋ ಹೋಗುತ್ತಿತ್ತು ಗೌಡರೇ" ಎಂದು ತೋಟದ ಲೆಕ್ಕಪತ್ರ ನೋಡುವ ರೈಟರ್ ಛೇಡಿಸುತ್ತಾರೆ. ಇರಲಿ. ಬ್ರೇಕ್ ಪೈಪಿನ ಕ್ಲಿಪ್ ಸಡಿಲವಾಗಿದ್ದದ್ದು ಕಣ್ಣಿಗೆ ಬಿದ್ದದ್ದು ಹಾಗೆ ಮಲಗಿದ್ದಾಗಲೇ. ಗಾಡಿಯ ಹೊಟ್ಟೆಯಡಿ ಇಷ್ಟು ಹಾಯಾಗಿ ಹೊತ್ತು ಹೋಗುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ ದೂರಿಲ್ಲ. ಟ್ರಾನ್ಸ್‌ಫರ್ ಕೇಸಿನ ತಗಡಿನ ಮೇಲೆ ಉದ್ದುದ್ದ ಗೀರುಗಳಿವೆ, ಒಂದು ಕಡೆ ತಗ್ಗು ಬಿದ್ದಿದೆ, ಒಳಗಿನ ಕೇಸಿಗೆ ಏನೂ ಆಗಿಲ್ಲ. ಮುಂದಿನ ತುಂಡಿಗೆ ಹೆಚ್ಚೇನೂ ತಾಗಿಲ್ಲ. ಆಕ್ಸಲ್‌ಗಳ ಡಿಫರೆನ್ಷಿಯಲ್‌ಗೆ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಡಿಗೆ) ಈ ತಗಡಿನ ರಕ್ಷಣೆ ಸಿಗುವುದಿಲ್ಲ, ಅದಕ್ಕೆ ಬೇರೆಯೇ ಕವಚ ಬೇಕು. ಬಜೆಟ್ ಬಿಗಿಯಿದ್ದರೆ ಮೂರೂ ತುಂಡು ಬೇಡ, ಟ್ರಾನ್ಸ್‌ಫರ್ ಕೇಸಿನದೊಂದನ್ನೇ ಮಾಡಿಸಿ, ಉಳಿದ ಹಣವನ್ನು ಆ ಕವಚಕ್ಕೆ ಇಟ್ಟುಕೊಳ್ಳಿ. ರಜೆಯಲ್ಲಿ ಮುಳ್ಳಯ್ಯನಗಿರಿ ನೋಡಿ ಬರುವುದಷ್ಟೇ ನಿಮ್ಮ ಓಡಾಟವಾದರೆ ಅದೂ ಬೇಡ, ಒಂದು ಜೊತೆ ಒಳ್ಳೆಯ ಟಯರ್ ಕೊಳ್ಳಿ.