ಸಂಘದ ಪಾಸ್‌ಬುಕ್ ಕೇಳೋಕೆ ಸಂಕೋಚ ಮಾಡ್ಕೋಬೇಡಿ, ನಮಗಾಗಿದ್ದು ನಿಮಗಾಗೋದು ಬೇಡ

ನಮ್ದು ಚಿಕ್ಕ ಸಂಘ. ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಡೋದು, ಪಿಯುಸಿ ಓದೋ ಒಂದಷ್ಟು ಹೆಣ್ಮಕ್ಕಳ ಫೀಸು ಕಟ್ಟೋದು, ಇಷ್ಟೇ ಕೆಲಸ. ನಾನು ಕಾರ್ಯದರ್ಶಿ. ಖಜಾಂಚಿ ನಮ್ಮನೆ ಮದುವೆಗೆ ಬಂದು ಪಂಕ್ತೀಲಿ ಬಡಿಸಿದೋರು, ಅಷ್ಟು ಹತ್ತಿರ. ಹೆಸರು ಬೇಡ, ಕೇಸು ನಡೀತಿದೆ.

ಸಂಘದ ದುಡ್ಡು ಖಜಾಂಚಿ ಕೈಯಲ್ಲಿ ದಾರಿ ತಪ್ಪಿದೆ ಅಂತ ಗೊತ್ತಾಗಿದ್ದು ಹೇಗೆ ಅಂದ್ರೆ, ಜೂನ್‌ನಲ್ಲಿ ಒಬ್ರು ದಾನಿ ಫೋನ್ ಮಾಡಿ, ಇಪ್ಪತ್ತೈದು ಸಾವಿರ ಕೊಟ್ಟಿದ್ದೆ, 80ಜಿಗೆ, ಅಂದ್ರೆ ದಾನಕ್ಕೆ ಸಿಗೋ ಆದಾಯ ತೆರಿಗೆ ರಿಯಾಯ್ತಿಗೆ ಬೇಕಾದ 10ಬಿಇ ಸರ್ಟಿಫಿಕೇಟ್ ಬಂದೇ ಇಲ್ವಲ್ಲ ಅಂದ್ರು. ಮೇ 31ರೊಳಗೆ ದಾನಿಗಳ ಪಟ್ಟಿನ 10ಬಿಡಿ ಫಾರಂನಲ್ಲಿ ಹಾಕಿದ್ರೆ ತಾನೇ ಅದು ಬರೋದು, ತೆಗೆದು ನೋಡಿದ್ರೆ ಅವರ ಹೆಸರೇ ಇಲ್ಲ. ವಾರ್ಷಿಕೋತ್ಸವದ ದಿನ ಟೇಬಲ್ ಮೇಲಿದ್ದ ಕ್ಯೂಆರ್ ಕೋಡ್‌ಗೆ ಹಾಕಿದ್ದೆ ಅಂತ ಸ್ಕ್ರೀನ್‌ಶಾಟ್ ಕಳ್ಸಿದ್ರು. ಅದ್ರಲ್ಲಿ ಸಂಘದ ಹೆಸರಿಲ್ಲ, ಖಜಾಂಚಿ ಹೆಸರಿತ್ತು. ಸ್ಕ್ಯಾನ್ ಮಾಡಿದಾಗ ಆ ಹೆಸರು ಎಲ್ರಿಗೂ ಕಾಣ್ಸಿರುತ್ತೆ, ಸಂಘದೋರೇ ಅಲ್ವಾ ಅಂತ ಯಾರೂ ಕೇಳಿಲ್ಲ.

ಮಾರನೇ ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕ್ಸಿದೆ, ಕೈ ನಡುಗ್ತಿತ್ತು. ಸಂಘದ ಎರಡು ಲಕ್ಷದ ಎಫ್‌ಡಿನ ಖಜಾಂಚಿ ಅವಧಿಗೆ ಮುಂಚೆನೇ ಮುರಿಸಿದ್ರು. ಖಾತೆಗೆ ಜಂಟಿ ಸಹಿ ಇತ್ತು ಕಣ್ರೀ! ಆದ್ರೆ ಅಧ್ಯಕ್ಷರು ಮಗಳ ಮನೆಗೆ ಹೋಗೋವಾಗ ಕೆಲಸ ನಿಲ್ಲಬಾರ್ದು ಅಂತ ಖಾಲಿ ಚೆಕ್‌ಗಳಿಗೆ ಸೈನ್ ಹಾಕಿಟ್ಟು ಹೋಗ್ತಿದ್ರು, ರಿನ್ಯೂವಲ್‌ಗೆ ಅಂತ ಖಜಾಂಚಿ ಅಂದಿದ್ದಕ್ಕೆ ಎಫ್‌ಡಿ ಬಾಂಡ್ ಹಿಂದೆನೂ ಸೈನ್ ಹಾಕಿದ್ರು. ಬ್ಯಾಂಕ್ ಮೆಸೇಜು ಹೋಗ್ತಿದ್ದಿದ್ದು ಖಜಾಂಚಿ ಮೊಬೈಲ್‌ಗೆ ಮಾತ್ರ. ಆಡಿಟರ್‌ಗೆ ತೋರ್ಸಿದ್ದು ಹಳೇ ಬಾಂಡಿನ ಜೆರಾಕ್ಸು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಾವರ್ಷ ಲೆಕ್ಕಪತ್ರ ರಿಜಿಸ್ಟ್ರಾರ್‌ಗೆ ಸಲ್ಲಿಸ್ಬೇಕು, ಖಜಾಂಚಿ ಕೊಟ್ಟಾಯ್ತು ಅಂತಿದ್ರು, ಮೂರು ವರ್ಷದಿಂದ ಕೊಟ್ಟೇ ಇರ್ಲಿಲ್ಲ. ಸ್ವೀಕೃತಿ ಎಲ್ಲಿ ಅಂತ ನಾನೂ ಕೇಳಿರ್ಲಿಲ್ಲ, ಕೇಳಿದ್ರೆ ಅನುಮಾನ ಪಟ್ಟಂಗಾಗುತ್ತೆ, ಬೇಜಾರು ಮಾಡ್ಕೋತಾರೆ ಅನ್ನೋ ಸಂಕೋಚ. ಅದು ನನ್ನ ತಪ್ಪು, ಅದಕ್ಕೇ ಬರೀತಿರೋದು.

ಆ ವರ್ಷ ನಾಲ್ಕು ಹುಡುಗೀರ ಫೀಸು ಕಮಿಟಿಯವರೇ ಕೈಯಿಂದ ಹಾಕಿ ಕಟ್ಟಿದ್ವಿ. ಒಬ್ಬಳ ತಂದೆ ಬಂದು, ಬೇಡ ಬಿಡಿ ಸಾರ್, ನಿಮಗೇ ಕಷ್ಟ ಅಂದಾಗ ತಲೆ ಎತ್ತೋಕಾಗ್ಲಿಲ್ಲ.

ದಯವಿಟ್ಟು ಈ ವಾರನೇ ನಿಮ್ಮ ಸಂಘದ ಕ್ಯೂಆರ್ ಕೋಡ್‌ನ ನಿಮ್ಮ ಫೋನಲ್ಲೇ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತೆ ನೋಡಿ. ಖಾಲಿ ಚೆಕ್‌ಗೆ ಯಾರೂ ಸೈನ್ ಹಾಕ್ಬೇಡಿ, ಎಷ್ಟೇ ಅರ್ಜೆಂಟ್ ಇರ್ಲಿ. ರಶೀದಿ ಪುಸ್ತಕಕ್ಕೆ ಸೀರಿಯಲ್ ನಂಬರ್ ಇರ್ಲಿ, ಯಾರ ಕೈಗೆ ಯಾವ ಪುಸ್ತಕ ಹೋಯ್ತು, ವಾಪಸ್ ಬಂತಾ ಅಂತ ಬರೆದಿಡಿ. ಎಫ್‌ಡಿ ಇದೆಯಾ ಅಂತ ಬ್ಯಾಂಕಿಂದಲೇ ಲೆಟರ್ ತಗೊಳ್ಳಿ, ಜೆರಾಕ್ಸ್ ನಂಬ್ಬೇಡಿ.

ನಾವೀಗ ಪ್ರತಿ ತಿಂಗಳು ಸಭೇಲಿ ಸ್ಟೇಟ್‌ಮೆಂಟ್ ಓದ್ತೀವಿ. ಅದನ್ನ ಶುರು ಮಾಡ್ಸಿದ್ದೇ ಹೊಸ ಖಜಾಂಚಿ ಮೇಡಂ. ಎಲ್ರೂ ನೋಡಿ ಸೈನ್ ಹಾಕಿ, ಆಗ ನನಗೂ ರಾತ್ರಿ ನಿದ್ದೆ ಬರುತ್ತೆ ಅಂದ್ರು.