ಅಗ್ಗದ 2 ಟಿಬಿ ಎಸ್‌ಎಸ್‌ಡಿ ಕಂಡರೆ ಆರ್ಡರ್ ಮಾಡಬೇಡಿ, ಒಳಗಿರುವುದು ಮೆಮೊರಿ ಕಾರ್ಡು

ಹೆಸರೇ ಕೇಳದ ಬ್ರ್ಯಾಂಡಿನ ‘2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ (ಫೈಲು ಇಡುವ, ಜೇಬಿನಲ್ಲಿ ಹಿಡಿಸುವ ವೇಗದ ಡ್ರೈವ್) ಆನ್‌ಲೈನಿನಲ್ಲಿ ಮೂರು ನಾಲ್ಕು ಸಾವಿರಕ್ಕೆ ಕಂಡರೆ ದಯವಿಟ್ಟು ಮುಟ್ಟಬೇಡಿ. ಈಗಾಗಲೇ ತಗೊಂಡಿದ್ದರೆ, ಅದನ್ನು ನಂಬಿ ಲ್ಯಾಪ್‌ಟಾಪಿನಲ್ಲಿರುವ ಫೈಲುಗಳನ್ನು ಅಳಿಸಬೇಡಿ. ನನಗೆ ಬಂದದ್ದು ನಕಲಿ. ಕಳಪೆ ಅಲ್ಲ, ನಕಲಿ. 64 ಜಿಬಿ ಕಾರ್ಡಿಗೆ 2 ಟಿಬಿ ಎಂದು ಸುಳ್ಳು ಹೇಳಲು ಕಲಿಸಿ, ಲೋಹದ ಡಬ್ಬಿಯೊಳಗೆ ಅಂಟಿಸಿ ಕಳಿಸಿದ ವಸ್ತು. ಕಂಪ್ಯೂಟರ್ ಬಿಚ್ಚಿ ಜೋಡಿಸುವವನಿಗೇ ಹೀಗೆ ಟೋಪಿ ಹಾಕಿದ್ದಾರೆ ಎಂದು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನೋಡಿದರೆ ಗೊತ್ತಾಗುವ ಮೋಸ ಅಲ್ಲ.

ಪ್ಲಗ್ ಮಾಡಿದ ಕೂಡಲೇ ವಿಂಡೋಸ್ 1.81 ಟಿಬಿ ಎಂದು ತೋರಿಸುತ್ತದೆ. ಅಸಲಿ 2 ಟಿಬಿ ಡ್ರೈವ್ ತೋರಿಸುವುದೂ ಅಷ್ಟನ್ನೇ. ಕಂಪ್ಯೂಟರ್ ಜಾಗವನ್ನು ಅಳೆಯುವುದಿಲ್ಲ, ಡ್ರೈವಿನ ಕಂಟ್ರೋಲರ್ ಚಿಪ್ ಹೇಳಿದ್ದನ್ನು ನಂಬುತ್ತದೆ, ಅಷ್ಟೆ. ಆ ಚಿಪ್ಪಿನೊಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ತಿದ್ದಿದರೆ ಮುಗಿಯಿತು. ಮೊದಲ ಐವತ್ತೈದು ಅರವತ್ತು ಜಿಬಿ ಸರಿಯಾಗಿಯೇ ಕಾಪಿ ಆಗುತ್ತದೆ. ಆಮೇಲೂ ಕಾಪಿ ಆಗುತ್ತಲೇ ಇರುತ್ತದೆ! ಒಂದೇ ಒಂದು ಎರರ್ ಬರುವುದಿಲ್ಲ, ಹಸಿರು ಪಟ್ಟಿ ಕೊನೆಯವರೆಗೂ ಓಡುತ್ತದೆ. ಆದರೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಫೈಲಿನ ಹೆಸರು, ಸೈಜು, ತಾರೀಖು ಬಹುಪಾಲು ಡ್ರೈವಿನ ಆರಂಭದಲ್ಲೇ ಇರುವುದರಿಂದ ಪಟ್ಟಿ ನೋಡಿದರೆ ಎಲ್ಲ ಇದ್ದಂತೆ ಕಾಣುತ್ತದೆ. ಕೆಲವು ನಕಲಿ ಡ್ರೈವುಗಳು ಇನ್ನೂ ಕೆಟ್ಟವು. ತುಂಬಿದ ಮೇಲೆ ಮತ್ತೆ ಮೊದಲಿಂದ ಬರೆಯಲು ಶುರುಮಾಡಿ ಹಳೆಯದನ್ನೂ ಅಳಿಸಿಹಾಕುತ್ತವೆ. ಆಗ ‘ಡಿಸ್ಕ್ ಫಾರ್ಮ್ಯಾಟ್ ಮಾಡಿ’ ಎಂದು ಬರುತ್ತದೆ, ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮುಖ್ಯ ವಿಷಯ. ಕಾಪಿ ಆದ ಕೂಡಲೇ ಫೈಲ್ ತೆರೆದು ನೋಡಿ ಸಮಾಧಾನ ಪಡಬೇಡಿ. ಅದು ರ್‍ಯಾಮಿನಲ್ಲಿರುವ ಕ್ಯಾಶೆಯಿಂದ, ಅಂದರೆ ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿಯಿಂದ, ತೆರೆದುಕೊಳ್ಳುತ್ತಿರಬಹುದು. ಡ್ರೈವ್ ಇಜೆಕ್ಟ್ ಮಾಡಿ, ತೆಗೆದು ಮತ್ತೆ ಹಾಕಿ ನೋಡಬೇಕು. ಹಾಗೆ ನೋಡಿದಾಗಲೇ ನನಗೆ ಗೊತ್ತಾದದ್ದು. ಫೋಟೋಗಳು ಒಂದೊಂದಾಗಿ ಚೆನ್ನಾಗಿಯೇ ತೆರೆದವು. ಒಂದು ಫೋಟೋದಲ್ಲಿ ಮೇಲಿನ ಕಾಲುಭಾಗ ಮಾತ್ರ ಇತ್ತು, ಕೆಳಗೆಲ್ಲ ಬೂದು ಬಣ್ಣ. ಅದರ ನಂತರದ್ದು ಒಂದೂ ತೆರೆಯಲಿಲ್ಲ. ಕಾರ್ಡಿನ ನಿಜವಾದ ಜಾಗ ಮುಗಿದದ್ದು ಆ ಫೋಟೋದ ಮಧ್ಯದಲ್ಲಿ. ಡ್ರೈವ್ ತುಂಬಿಸಿ ಮತ್ತೆ ಓದಿ ನೋಡುವ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಸಾಫ್ಟ್‌ವೇರ್ ಹಾಕಿ ಪೂರ್ತಿ ಪರೀಕ್ಷೆ ಮಾಡಿದೆ. ವರದಿ ಬಂತು: 59.4 ಜಿಬಿ ಓಕೆ, 1.7 ಟಿಬಿ ಡೇಟಾ ಲಾಸ್ಟ್. ಅದನ್ನು ಓದಿ ಮೈ ಉರಿದುಹೋಯಿತು.

ಇನ್ನು ಮಾರಿದವರ ಉತ್ತರಗಳು. ಸ್ಕ್ರೀನ್‌ಶಾಟ್ ಕಳಿಸಿದರೆ, “ಸರ್, ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ.” ಮಾಡಿದ್ದೇನೆ, ಅದೇ ಫಲಿತಾಂಶ ಎಂದರೆ, “ಸರ್, ನಿಮ್ಮ ಯುಎಸ್‌ಬಿ ಪೋರ್ಟ್ ಪ್ರಾಬ್ಲಂ ಇರಬಹುದು.” ಬೇರೆ ಕಂಪ್ಯೂಟರಿನ ವರದಿಯನ್ನೂ ಕಳಿಸಿದರೆ, “ಸರ್, ಪ್ರಾಪರ್ಟೀಸಿನಲ್ಲಿ 1.81 ಟಿಬಿ ತೋರಿಸುತ್ತಿದೆಯಲ್ಲ? ಹಾಗಾದರೆ ಪ್ರಾಡಕ್ಟ್ ಸರಿಯಾಗಿದೆ. ಥರ್ಡ್ ಪಾರ್ಟಿ ಸಾಫ್ಟ್‌ವೇರ್ ರಿಪೋರ್ಟ್ ನಾವು ಒಪ್ಪುವುದಿಲ್ಲ.” ಸುಳ್ಳು ಹೇಳುವ ಚಿಪ್ಪನ್ನೇ ಸಾಕ್ಷಿಗೆ ಕರೆಯುತ್ತಾರೆ! ರಿಟರ್ನ್ ಹಾಕಿದರೆ ಪಿಕಪ್‌ಗೆ ಬಂದ ಹುಡುಗ ತನ್ನ ಫೋನಿಗೆ ಚುಚ್ಚಿ, ಲೈಟ್ ಹತ್ತಿತು ಎಂದು ‘ವರ್ಕಿಂಗ್’ ಟಿಕ್ ಮಾಡಿ, ಡ್ರೈವನ್ನು ನನ್ನ ಬಳಿಯೇ ಬಿಟ್ಟು ಹೋದ. ಅವನದೇನೂ ತಪ್ಪಿಲ್ಲ, ಅವನಿಗೆ ಕೊಟ್ಟಿರುವ ಆ್ಯಪ್‌ನಲ್ಲಿ ಕೇಳುವುದೇ ಅಷ್ಟು. ಕೊನೆಗೆ ಬಂದದ್ದು, “ಸರ್, ರಿಟರ್ನ್ ವಿಂಡೋ ಕ್ಲೋಸ್ ಆಗಿದೆ.”

ಈ ರಿಟರ್ನ್ ವಿಂಡೋ, ಅಂದರೆ ವಾಪಸ್ ಕಳಿಸುವ ಗಡುವು, ಯಾಕೆ ಮುಗಿಯುತ್ತದೆ ಗೊತ್ತೇ? ಸೆಕೆಂಡಿಗೆ 20 ಎಂಬಿ ವೇಗದಲ್ಲಿ 2 ಟಿಬಿ ತುಂಬಲು ಸುಮಾರು 28 ಗಂಟೆ ಬೇಕು, ಮತ್ತೆ ಓದಿ ತಾಳೆ ನೋಡಲು ಹೆಚ್ಚುಕಡಿಮೆ ಅಷ್ಟೇ. ಯಾರೂ ಹೊಸ ಡ್ರೈವನ್ನು ಒಂದೇ ವಾರದಲ್ಲಿ ತುಂಬಿಸುವುದಿಲ್ಲ. ಅವರು ಬದುಕುತ್ತಿರುವುದೇ ಅದರ ಮೇಲೆ.

ಹಣ ವಾಪಸ್ ಇಲ್ಲ ಎಂದಾದ ಮೇಲೆ ಡಬ್ಬಿ ಬಿಚ್ಚಿದೆ. ಉಗುರಿನಷ್ಟು ಮೈಕ್ರೋಎಸ್‌ಡಿ ಕಾರ್ಡು, ಅದನ್ನು ಸಿಕ್ಕಿಸಿದ ಸಣ್ಣ ಬೋರ್ಡು, ಅಲುಗಾಡದಂತೆ ಮೇಲೆ ಸುರಿದ ಹಾಟ್ ಗ್ಲೂ, ತೂಕಕ್ಕೆ ಒಂದು ಕಬ್ಬಿಣದ ತುಂಡು.

ಡ್ರೈವ್ ಬಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್ ಇದ್ದರೆ ವ್ಯಾಲಿಡ್ರೈವ್ ಎಂಬ ಸಾಫ್ಟ್‌ವೇರ್ ಸಾಕು. ಅದು ಡ್ರೈವಿನ ಉದ್ದಕ್ಕೂ 576 ಕಡೆ ಬರೆದು ಓದಿ ನೋಡುತ್ತದೆ, ದಿನಗಟ್ಟಲೆ ಕಾಯಬೇಕಾಗಿಲ್ಲ. ಲಿನಕ್ಸ್‌ನವರು ಎಫ್3 ಪ್ಯಾಕೇಜ್ ಹಾಕಿಕೊಂಡು ಖಾಲಿ ಡ್ರೈವಿನ ಮೇಲೆ ಅದರಲ್ಲಿರುವ ಎಫ್3ಪ್ರೋಬ್ ಕಮಾಂಡ್ ಓಡಿಸಿ. ಕಮಾಂಡಿನಲ್ಲಿ ಡ್ರೈವಿನ ಹೆಸರನ್ನು ಎರಡು ಸಲ ನೋಡಿ ಕೊಡಿ. ಡ್ರೈವಿನ ವಿವರ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರಿನಲ್ಲಿ ಅಸಲಿ ಎಸ್‌ಎಸ್‌ಡಿಯ ಮಾಡೆಲ್, ತಾಪಮಾನ, ಓಡಿದ ಗಂಟೆ ಸಾಮಾನ್ಯವಾಗಿ ಕಾಣುತ್ತವೆ. ಒಳಗಿರುವುದು ಕಾರ್ಡ್ ರೀಡರ್ ಆದರೆ ಏನೂ ಬರುವುದಿಲ್ಲ. ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾಕಿಯೂ ದೊಡ್ಡ ಫೈಲ್ ಮೊದಲಿನಿಂದಲೇ 20ರಿಂದ 40 ಎಂಬಿ ವೇಗದಲ್ಲಿ ಹೋದರೆ ಅನುಮಾನ ಪಡಿ. ಹಳೆಯ, ನಿಧಾನದ ಬಗೆಯಾದ ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಅಂಥ ಪೋರ್ಟಿನಲ್ಲಿ 400 ಎಂಬಿ ಸುತ್ತಮುತ್ತ ಕೊಡುತ್ತದೆ. ಪಾರ್ಸೆಲ್ ತೆರೆಯುವಾಗ ವಿಡಿಯೋ ಮಾಡಿ, ಸ್ಟಿಕರ್ ಮೇಲಿನ ನಂಬರೂ ಕಾಣಬೇಕು. ರಿವ್ಯೂ ಓದುವಾಗ ಐದು ಸ್ಟಾರ್ ಬಿಟ್ಟು ಒಂದು ಸ್ಟಾರಿನವನ್ನು ಓದಿ. ಐದು ಸ್ಟಾರ್ ಕೊಟ್ಟವರು ಹೆಚ್ಚಾಗಿ ಮೊದಲ ದಿನದ ಖುಷಿಯಲ್ಲಿ ಕೊಟ್ಟವರು.

ಮೋಸ ಹೋದರೆ ಚಾಟ್‌ನಲ್ಲಿ ಗುದ್ದಾಡುತ್ತ ಕೂರಬೇಡಿ. ಮಾರಾಟದ ತಾಣದಲ್ಲಿ ದೂರು ನೋಡಿಕೊಳ್ಳುವ ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಮಾರಿದವರು ಯಾವ ಊರಿನವರಾದರೂ ನೀವಿರುವ ಊರಿನಲ್ಲೇ ಹಾಕಬಹುದು. ಮತ್ತೊಂದು ಮಾತು, ಬದಲಿ ಡ್ರೈವ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಬರುವುದು ಅಂಥದ್ದೇ ಇನ್ನೊಂದು. ಹಣವನ್ನೇ ಕೇಳಿ.